ಪರದೆಯ ಮೇಲಿನ ಕನ್ನಡ

ಸಭೆಯಲ್ಲಿ ವಿಷಯ ಮಂಡಿಸುವವರು ತಮ್ಮ ಮಾತಿಗೆ ಒತ್ತಾಸೆಯಾಗಿ ಪರದೆಯ ಮೇಲೆ ಒಂದಾದ ಮೇಲೊಂದರಂತೆ ತೋರಿಸುವ ಪುಟಗಳಿಗೆ ಸ್ಲೈಡ್ ಎಂಬ ಹೆಸರು ಕನ್ನಡದಲ್ಲಿಯೂ ನೆಲೆನಿಂತಿದೆ. ಶಾಲೆಯ ಪಾಠ, ರೇಷ್ಮೆ ಬೆಳೆಗಾರರ ತರಬೇತಿ, ಸ್ವಸಹಾಯ ಸಂಘದ ವಾರ್ಷಿಕ ಸಭೆ, ಹೀಗೆ ಅದರ ಬಳಕೆ ಹಬ್ಬಿದೆ. ಆದರೂ ಅದನ್ನು ಚೆನ್ನಾಗಿ ತಯಾರಿಸುವ ಬಗೆಯನ್ನು ಕುರಿತ ಸಲಹೆಗಳು ಹೆಚ್ಚಾಗಿ ಇಂಗ್ಲಿಷ್ ಲಿಪಿಯನ್ನು ಆಧರಿಸಿ ಹುಟ್ಟಿದವಾದ್ದರಿಂದ, ಗುಣಿತದ ಚಿಹ್ನೆಗಳು ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಹರಡಿಕೊಳ್ಳುವ ಕನ್ನಡಕ್ಕೆ ಅವು ಹಾಗೆಯೇ ಹೊಂದುವುದಿಲ್ಲ.

ಈ ರೇಡಿಯೋ ಭಾಷಣವನ್ನು ಕೇಳುತ್ತಿರುವವರ ಎದುರಿಗೆ ಪರದೆಯಿಲ್ಲವೆಂಬುದು ಕೊರತೆಯಂತೆ ತೋರಬಹುದಾದರೂ, ಸ್ಲೈಡಿನ ಮೊದಲ ನಿಯಮವನ್ನು ಕಲಿಸಬಲ್ಲದ್ದು ರೇಡಿಯೋವೇ. ರೇಡಿಯೋದಲ್ಲಿ ಕೇಳಿದ ಮಾತ್ರಕ್ಕೆ ಪೂರ್ತಿ ಅರ್ಥವಾಗುವ ವಾಕ್ಯವನ್ನು ಪರದೆಯ ಮೇಲೆ ಬರೆಯುವ ಅಗತ್ಯವಿಲ್ಲ. ಎಷ್ಟು ವಿವರಿಸಿದರೂ ಕಿವಿಗೆ ಎಟುಕದೆ ಉಳಿಯುವ ಕಲ್ಲಿನ ಮೇಲಿನ ಅಕ್ಷರದ ರೂಪ, ಏರಿಳಿಯುವ ಧಾರಣೆಯ ರೇಖೆ, ಊರುಗಳ ನಡುವಣ ದಿಕ್ಕು ದೂರ, ಇವು ಪರದೆಗೆ ಸೇರಬೇಕಾದವು. ಹೇಳುವುದೆಲ್ಲವನ್ನೂ ಬರೆದು, ಬರೆದುದೆಲ್ಲವನ್ನೂ ಓದಿದರೆ, ಸಭಿಕರು ಭಾಷಣಕಾರರಿಗಿಂತ ಮೊದಲೇ ಸಾಲುಗಳನ್ನು ಓದಿ ಮುಗಿಸುತ್ತಾರೆ, ಆಮೇಲಿನ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಮಾಗಡಿ ತಾಲ್ಲೂಕಿನ ಕೆಂಪಾಪುರದ ಸಮಾಧಿಯನ್ನು ಈ ನಿಯಮಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಕೆಂಪೇಗೌಡರ ಸಮಾಧಿಯೆಂದು 2015ರಲ್ಲಿ ಸುದ್ದಿಯಾಗಿ ನಾಡಿನ ಗಮನ ಸೆಳೆಯಿತು. ಮಾಗಡಿಯ ಕೆಂಪಯ್ಯಗೌಡಯ್ಯನವರು ಕುಣಿಗಲಿನಿಂದ ಬಂದು ಕಾದಾಡಿ ಐಕ್ಯರಾದ ಸ್ಥಳವಿದು ಎಂಬ ಅರ್ಥದ ಬರಹ ಅಲ್ಲಿದೆ. ಇದನ್ನು ಕುರಿತು ಪಾಠ ಮಾಡಲು ಹೊರಟವರ ಸ್ಲೈಡಿನಲ್ಲಿ ಸಾಮಾನ್ಯವಾಗಿ ಮೇಲೊಂದು ಶೀರ್ಷಿಕೆ, ಅದರ ಕೆಳಗೆ ಚುಕ್ಕಿಯಿಟ್ಟ ಏಳೆಂಟು ಸಾಲು, ಬಲಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿತ್ರ ಇರುತ್ತದೆ. ವಾಸ್ತವದಲ್ಲಿ ಆ ಏಳೆಂಟು ಸಾಲುಗಳನ್ನು ಬಾಯಿಮಾತಿನಲ್ಲಿ ಹೇಳಬಹುದು, ಚಿತ್ರವನ್ನು ಮಾತ್ರ ಹೇಳಲಾಗದು. ಆದ್ದರಿಂದ ಸಮಾಧಿಯ ಚಿತ್ರವೊಂದೇ ಪರದೆಯ ಅಂಚಿನಿಂದ ಅಂಚಿಗೆ ತುಂಬಿರುವಂತೆ ಮೊದಲ ಸ್ಲೈಡನ್ನು ಮಾಡಿ, ಎರಡನೆಯದರಲ್ಲಿ ಬರಹದ ಒಂದೇ ಸಾಲನ್ನು ಹಿಗ್ಗಿಸಿ ತೋರಿಸಿ, ಅದರ ಅಡಿಯಲ್ಲಿ ಇಂದಿನ ಅಕ್ಷರಗಳಲ್ಲಿ ಅದೇ ಸಾಲನ್ನು ಕೊಟ್ಟರೆ, ಮಕ್ಕಳು ಹಳೆಯ ಅಕ್ಷರವನ್ನು ಹೊಸದರೊಡನೆ ತಾವೇ ಹೋಲಿಸಿ ಓದತೊಡಗುತ್ತಾರೆ. ಮೂರನೆಯದು ನಕ್ಷೆ. ಅದರಲ್ಲಿ ಮಾಗಡಿ, ಕುಣಿಗಲ್, ಕೆಂಪಾಪುರ ಎಂಬ ಮೂರೇ ಹೆಸರುಗಳಿದ್ದರೆ ಸಾಕು. ತಾಲ್ಲೂಕಿನ ಎಲ್ಲ ಊರುಗಳನ್ನೂ ತುಂಬಿದ ಮುದ್ರಿತ ನಕ್ಷೆಯನ್ನು ಹಾಗೆಯೇ ತಂದು ಅಂಟಿಸಿದರೆ ಕಣ್ಣಿಗೆ ದಾರಿ ತಪ್ಪುತ್ತದೆ.

ಶಾಸನದ ಚಿತ್ರ ತೆಗೆಯುವವರು ನಡುಮಧ್ಯಾಹ್ನದ ನೆತ್ತಿಯ ಬಿಸಿಲನ್ನು ಬಿಟ್ಟು, ಬೆಳಕು ಕಲ್ಲಿನ ಮೈಮೇಲೆ ಓರೆಯಾಗಿ ಹರಿಯುವ ಮುಂಜಾನೆಯನ್ನೋ ಇಳಿಹೊತ್ತನ್ನೋ ಆರಿಸಿಕೊಳ್ಳಬೇಕು, ಏಕೆಂದರೆ ಕೊರೆದ ಗೆರೆಗಳೊಳಗೆ ನೆರಳು ಬಿದ್ದಾಗಲೇ ಅಕ್ಷರ ಎದ್ದು ಕಾಣುತ್ತದೆ. ಕಲ್ಲಿಗೆ ಸೀಮೆಸುಣ್ಣ, ಹಿಟ್ಟು ಅಥವಾ ಬಣ್ಣ ಹಚ್ಚುವುದು ಸಲ್ಲದು. ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸುತ್ತಿರುವುದರಿಂದ, ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳನ್ನೂ ಓದುವ ದಾರಿ ಈಗ ತೆರೆದಿದೆ. ಮಾಗಡಿ ಸೀಮೆಯ ಇತರ ಶಾಸನಗಳ ಪಾಠ ಬೇಕಾದವರು ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟವನ್ನು ನೋಡಬಹುದು. ಚಿತ್ರ ಎಲ್ಲಿಂದ ಬಂದಿತೆಂಬುದನ್ನು ಅದೇ ಸ್ಲೈಡಿನ ಅಡಿಯಲ್ಲಿ ಬರೆಯುವುದು ತೆಗೆದವರಿಗೆ ಸಲ್ಲಬೇಕಾದ ಗೌರವ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಕಲ್ಲು ಹೇಳುವುದು ಒಂದು, ಕಲ್ಲಿನಿಂದ ವಿದ್ವಾಂಸರು ಊಹಿಸುವುದು ಇನ್ನೊಂದು. ಪುಸ್ತಕದಲ್ಲಿ ‘ಇರಬಹುದು’, ‘ಎನ್ನಲಾಗಿದೆ’ ಎಂಬ ಮಾತುಗಳು ಈ ಎರಡನ್ನೂ ಬೇರ್ಪಡಿಸುತ್ತವೆ. ಸ್ಲೈಡಿಗಾಗಿ ವಾಕ್ಯವನ್ನು ಮೊಟಕುಗೊಳಿಸುವಾಗ ಮೊದಲು ಉದುರಿಹೋಗುವುದು ಇಂತಹ ಮಾತುಗಳೇ ಆದ್ದರಿಂದ, ಊಹೆಯೂ ಸಿದ್ಧಾಂತದ ಠೀವಿಯಲ್ಲಿ ಪರದೆಯೇರುತ್ತದೆ. ಶಾಸನದ ಮಾತಿಗೆ ಒಂದು ಬಣ್ಣ, ವ್ಯಾಖ್ಯಾನಕ್ಕೆ ಇನ್ನೊಂದು ಬಣ್ಣ ಎಂದು ಗೊತ್ತುಮಾಡಿಕೊಂಡು, ಅದನ್ನು ಮೊದಲಿಗೇ ಸಭಿಕರಿಗೆ ತಿಳಿಸಿದರೆ ಈ ದೋಷ ತಪ್ಪುತ್ತದೆ.

ಮೊಟಕುಗೊಳಿಸುವಿಕೆ ಎಂತಹ ಅನಾಹುತಕ್ಕೆ ಎಡೆಮಾಡಬಲ್ಲದೆಂಬುದಕ್ಕೆ ಜಗತ್ತು ಮರೆಯದ ನಿದರ್ಶನವಿದೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿಯನ್ನು ಹೊತ್ತು ಮರಳುತ್ತಿದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಛಿದ್ರವಾಯಿತು. ಹಾರುವಾಗ ಕಳಚಿದ ನೊರೆಹೊದಿಕೆಯ ತುಂಡೊಂದು ಅದರ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗ ಎಂಜಿನಿಯರುಗಳು ತೋರಿಸಿದ್ದ ಸ್ಲೈಡಿನ ಶೀರ್ಷಿಕೆ ಧೈರ್ಯ ಹೇಳುವಂತಿದ್ದರೆ, ಬಡಿದ ತುಂಡಿನ ಗಾತ್ರ ಹಿಂದೆ ಪರೀಕ್ಷಿಸಿದ್ದಕ್ಕಿಂತ 640 ಪಟ್ಟು ದೊಡ್ಡದೆಂದು ಸೂಚಿಸುವ ಅಂಕಿಗಳು, ಅಂದರೆ 3 ಘನ ಅಂಗುಲಕ್ಕೆ ಎದುರಾಗಿ 1920 ಘನ ಅಂಗುಲ, ಚುಕ್ಕಿಯ ಕೆಳಗಿನ ಚುಕ್ಕಿಯಾಗಿ ಕಟ್ಟಕಡೆಯ ಸಾಲಿನಲ್ಲಿ ಅಡಗಿದ್ದವು. ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಇದನ್ನು ಬಿಡಿಸಿ ತೋರಿಸಿದರು, ತನಿಖಾ ಮಂಡಳಿಯ ವರದಿಯೂ ಅದನ್ನು ಎತ್ತಿಹೇಳಿತು. ಆದ್ದರಿಂದ ಶೀರ್ಷಿಕೆಯಲ್ಲಿ ವಿಷಯದ ಹೆಸರನ್ನಷ್ಟೇ ಇಡದೆ, ಸಭಿಕರು ತಿಳಿಯಬೇಕಾದ ತೀರ್ಮಾನವನ್ನೇ ಕ್ರಿಯಾಪದವುಳ್ಳ ವಾಕ್ಯವಾಗಿ ಇಡಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಅಂಕಿಗಳನ್ನು ತೋರಿಸುವವರು ‘ಗೂಡಿನ ಧಾರಣೆ’ ಎಂದು ಬರೆದು ಮೂವತ್ತು ದಿನಗಳ ಕೋಷ್ಟಕವನ್ನು ಸುರಿಯುವುದಕ್ಕಿಂತ, ದ್ವಿತಳಿಗೂ ಮಿಶ್ರತಳಿಗೂ ಒಂದೊಂದು ರೇಖೆಯನ್ನೆಳೆದು, ಆ ತಿಂಗಳಲ್ಲಿ ಯಾವುದರ ಬೆಲೆ ಏರಿತು, ಯಾವುದರದು ಇಳಿಯಿತು ಎಂಬುದನ್ನು ಶೀರ್ಷಿಕೆಯಲ್ಲಿಯೇ ಹೇಳಿದರೆ ಬೆಳೆಗಾರರಿಗೆ ಪ್ರಯೋಜನ.

ಒಂದೇ ಸಂಖ್ಯೆ ಸಾಕಾಗುವ ಕಡೆ ಚಿತ್ರವೂ ಬೇಡ. ಹುಲಿಕಲ್ಲು ಮತ್ತು ಕುದೂರಿನ ನಡುವಣ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ಬೆಳೆಸಿದ ಆಲದ ಮರಗಳನ್ನು ಕುರಿತು ಹೇಳುವಾಗ, ಇಡೀ ಪರದೆಯಲ್ಲಿ 385 ಎಂಬ ಅಂಕಿಯೊಂದನ್ನೇ ದೊಡ್ಡದಾಗಿ ತೋರಿಸಿದರೂ ಅದು ಪರಿಪೂರ್ಣ ಸ್ಲೈಡೇ.

ಇನ್ನು ಲಿಪಿಯ ವಿಚಾರ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಿಂದ ಒತ್ತು ಕೊಡಬಹುದು. ಕನ್ನಡದಲ್ಲಿ ಅಂತಹ ಭೇದವಿಲ್ಲದ್ದರಿಂದ ಅಕ್ಷರದ ಗಾತ್ರ, ದಪ್ಪ ಮತ್ತು ಬಣ್ಣ ಇವುಗಳೇ ಒತ್ತಿನ ಸಾಧನಗಳು. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ. ‘ರಾಷ್ಟ್ರ’, ‘ಸ್ತ್ರೀ’ ಎಂಬಂತಹ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು ಇಳಿಯುವುದರಿಂದ, ಸಾಲುಗಳ ನಡುವಣ ಅಂತರ ಇಂಗ್ಲಿಷಿನಷ್ಟೇ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು ಒಂದೂಕಾಲು ಪಟ್ಟಿಗೆ ಹಿಗ್ಗಿಸುವುದು ಒಳ್ಳೆಯದು. ತೀರ ತೆಳುವಾದ ಫಾಂಟ್, ಎಂದರೆ ಅಕ್ಷರವಿನ್ಯಾಸ, ಬಳಸಿದರೆ ದಕಾರವನ್ನು ಧಕಾರದಿಂದಲೂ ಪಕಾರವನ್ನು ಷಕಾರದಿಂದಲೂ ಬೇರ್ಪಡಿಸುವ ಪುಟ್ಟ ಗೀಟು ಹಿಂದಿನ ಸಾಲಿನವರಿಗೆ ಕಾಣದೆಹೋಗುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎಂಬ ಫಾಂಟ್‌ಗಳು ಬೇರೆ ಬೇರೆ ದಪ್ಪಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಶೀರ್ಷಿಕೆಗೆ ‘ಬಲೂ ತಮ್ಮ’ ಎಂಬ ದುಂಡನೆಯ ಫಾಂಟ್ ಒಪ್ಪುತ್ತದೆ. ಶೀರ್ಷಿಕೆ ಎರಡು ಸಾಲಿಗೆ ಹರಿದಾಗ ವಿಶೇಷಣವೂ ವಿಶೇಷ್ಯವೂ ಬೇರೆ ಬೇರೆ ಸಾಲಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.

ಅಕ್ಷರ ಸಾಕಷ್ಟು ದೊಡ್ಡದಾಗಿದೆಯೇ ಎಂದು ತಿಳಿಯಲು ಸಣ್ಣ ಲೆಕ್ಕವೊಂದು ನೆರವಾಗುತ್ತದೆ. ಸಭಾಂಗಣದ ಪರದೆ 4 ಅಡಿ ಎತ್ತರವಿದ್ದು ಕೊನೆಯ ಸಾಲು 32 ಅಡಿ ದೂರದಲ್ಲಿದ್ದರೆ, ದೂರವು ಎತ್ತರದ 8 ಪಟ್ಟು. ಲ್ಯಾಪ್‌ಟಾಪಿನ ಪರದೆ 8 ಅಂಗುಲ ಎತ್ತರವಿದ್ದರೆ ಅದರ 8 ಪಟ್ಟು, ಅಂದರೆ ಸುಮಾರು ಐದೂಕಾಲು ಅಡಿ, ಹಿಂದೆ ಸರಿದು ನಿಂತು ಓದಿದಾಗ ಕಂಡಷ್ಟೇ ಕೊನೆಯ ಸಾಲಿನವರಿಗೂ ಕಾಣುತ್ತದೆ. ಕಿಟಕಿಗಳಿಗೆ ಪರದೆಯಿಲ್ಲದ ಕೋಣೆಯಲ್ಲಿ ಕಪ್ಪು ಹಿನ್ನೆಲೆ ಮಂಕಾಗುವುದರಿಂದ ಬಿಳಿಯ ಮೇಲೆ ಕಡುಬಣ್ಣದ ಅಕ್ಷರವೇ ಲೇಸು. ಕೆಂಪು ಹಸಿರುಗಳ ಭೇದ ಕಾಣದವರೂ ಸಭೆಯಲ್ಲಿರುತ್ತಾರಾದ್ದರಿಂದ, ಆ ಎರಡನ್ನೇ ನೆಚ್ಚಿ ರೇಖೆಗಳನ್ನು ಬೇರ್ಪಡಿಸಬಾರದು.

ಸಲಕರಣೆಗಳ ಪೈಕಿ 1987ರಲ್ಲಿ ಮೊದಲು ಬಂದ ಪವರ್‌ಪಾಯಿಂಟ್ ಎಲ್ಲರಿಗೂ ಗೊತ್ತಿರುವಂಥದ್ದು. ಹಣ ಕೊಡದೆ ಬಳಸಬಹುದಾದ ಲಿಬ್ರೆಆಫೀಸಿನ ಇಂಪ್ರೆಸ್, ಅಂತರ್ಜಾಲವಿದ್ದರೆ ಹಲವರು ಒಟ್ಟಿಗೆ ತಿದ್ದಬಹುದಾದ ಗೂಗಲ್ ಸ್ಲೈಡ್ಸ್ ಕೂಡ ಸಾಮಾನ್ಯ ಅಗತ್ಯಗಳಿಗೆ ಸಾಕಾಗುತ್ತವೆ. ಇಂಪ್ರೆಸ್ ಬಳಸುವವರು ಎಡವುವ ಜಾಗವೆಂದರೆ, ಆ ತಂತ್ರಾಂಶವು ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸಿ ಅದರ ಫಾಂಟ್ ಮತ್ತು ಗಾತ್ರಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಪಾಶ್ಚಾತ್ಯ ಲಿಪಿಯ ಗಾತ್ರವನ್ನು ಎಷ್ಟು ಬದಲಿಸಿದರೂ ಕನ್ನಡ ಕದಲುವುದಿಲ್ಲ. ಸ್ಲೈಡ್ ಮಾಸ್ಟರ್ ಎಂಬ ಮೂಲಪುಟದಲ್ಲಿ ಫಾಂಟ್, ಗಾತ್ರ, ಸಾಲಿನ ಅಂತರಗಳನ್ನು ಒಮ್ಮೆ ನಿಗದಿಮಾಡಿದರೆ, ಉಳಿದ ಪುಟಗಳೆಲ್ಲ ಅದನ್ನೇ ಅನುಸರಿಸುತ್ತವೆ.

ಯೂನಿಕೋಡ್, ಅಂದರೆ ಜಗತ್ತಿನ ಪ್ರತಿ ಲಿಪಿಯ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟ ಏಕರೂಪದ ವ್ಯವಸ್ಥೆ, ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಅಂತಹ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದ ಮೇಲೆ ‘ಅರ್ಕಾವತಿ’ ಎಂಬ ಹೊಳೆಯ ಹೆಸರನ್ನು ಹುಡುಕಿ ನೋಡಬೇಕು, ಏಕೆಂದರೆ ಪರಿವರ್ತನೆಯಲ್ಲಿ ಸುಲಭವಾಗಿ ಕೆಡುವುದು ಅದರೊಳಗಿರುವ ಅರ್ಕಾವೊತ್ತೇ. ಸಭೆಗೆ ಹೋಗುವಾಗ ಮೂಲ ಕಡತದೊಡನೆ ಪಿಡಿಎಫ್ ಪ್ರತಿಯೊಂದನ್ನೂ ಪೆನ್‌ಡ್ರೈವಿನಲ್ಲಿ ಒಯ್ದರೆ ಬೇರೆಯವರ ಕಂಪ್ಯೂಟರಿನಲ್ಲಿಯೂ ಅಕ್ಷರ ಕೆಡುವುದಿಲ್ಲ. ಕರೆಂಟು ಕೈಕೊಡುವ ದಿನಕ್ಕಾಗಿ ಶಾಸನದ ಚಿತ್ರವನ್ನೂ ನಕ್ಷೆಯನ್ನೂ ಕಾಗದದ ಮೇಲೆ ದೊಡ್ಡದಾಗಿ ಅಚ್ಚುಹಾಕಿಸಿ, ಸಾಲಿಗೊಂದರಂತೆ ಕೈಯಿಂದ ಕೈಗೆ ಸಾಗುವಷ್ಟು ಪ್ರತಿಗಳನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು.