ಮದ್ದು ತೆಗೆದವನಿಗೆ ಸಿಕ್ಕ ಉಡುಗೊರೆ



ಮದುವೆಯಿರಲಿ, ಗೃಹಪ್ರವೇಶವಿರಲಿ, ಉಡುಗೊರೆಯ ಮೇಲೆ ಹೆಸರು ಕೆತ್ತಿಸಿ ಕೊಡುವುದು ನಮ್ಮಲ್ಲಿ ರೂಢಿ. ಅಂಚಿನಲ್ಲಿ ಕೊಟ್ಟವರ ಹೆಸರು, ತಾರೀಖು ಇರುವ ಸ್ಟೀಲ್ ಪಾತ್ರೆಯೊಂದಾದರೂ ಇಲ್ಲದ ಅಡುಗೆಮನೆ ಯಾವುದು, ಹೇಳಿ? ಇದೇ ರೂಢಿ ಪಿಸ್ತೂಲಿನ ಮೇಲೂ ನಡೆದಿತ್ತು ಎಂದರೆ ನಿಮಗೆ ಆಶ್ಚರ್ಯವಾದೀತು. 18 ಮತ್ತು 19ನೇ ಶತಮಾನದಲ್ಲಿ ಯುರೋಪು, ಅಮೆರಿಕದ ದೊಡ್ಡವರು ಒಬ್ಬರಿಗೊಬ್ಬರು ಕೊಡುತ್ತಿದ್ದ ಗೌರವದ ಕಾಣಿಕೆಗಳಲ್ಲಿ ಕೆತ್ತನೆಯ ಪಿಸ್ತೂಲೂ ಒಂದು.

ಕೆಲಸ ಬಹಳ ನಾಜೂಕಿನದು. ಮೊದಲು ಉಕ್ಕಿನ ಮೇಲೆ ಉಳಿಯಿಂದ ಬಳ್ಳಿ, ಹೂವು, ಮುಖಚಿತ್ರಗಳನ್ನು ಕೊರೆಯಬೇಕು. ಚಿನ್ನ ಕೂರಿಸುವುದಾದರೆ ಗೀರಿನ ಬಾಯಿ ಕಿರಿದು, ಒಳಗು ಅಗಲ ಇರಬೇಕು. ಅದರೊಳಗೆ ಚಿನ್ನದ ತಂತಿಯಿಟ್ಟು ಮೆಲ್ಲಗೆ ಬಡಿದರೆ, ಮೆದುವಾದ ಚಿನ್ನ ಒಳಗೆ ಹರಡಿ ಕಚ್ಚಿಕೊಳ್ಳುತ್ತದೆ. ನಮ್ಮ ಬೀದರಿನ ಕುಶಲಕರ್ಮಿಗೆ ಇದು ಹೊಸದೇನಲ್ಲ. ಅವರು ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿಯನ್ನು ಹೀಗೆಯೇ ಕೂರಿಸುತ್ತಾರೆ.

ಇಷ್ಟು ಶ್ರಮಪಟ್ಟು ಮಾಡಿದ ಕಾಣಿಕೆಯ ಹಿಂದೆ ಕೆಲವೊಮ್ಮೆ ವ್ಯಾಪಾರವೂ ಇರುತ್ತಿತ್ತು. ಅಮೆರಿಕದ ರಿವಾಲ್ವರ್ ತಯಾರಕ ಸ್ಯಾಮುಯೆಲ್ ಕೋಲ್ಟ್, ಚಿನ್ನದ ಕೆತ್ತನೆಯ ರಿವಾಲ್ವರನ್ನು ತುರ್ಕಿಯ ಸುಲ್ತಾನನಿಗೂ ಕೊಟ್ಟ, 1854ರಲ್ಲಿ ರಷ್ಯದ ತ್ಸಾರ್ ಚಕ್ರವರ್ತಿಗೂ ಕೊಟ್ಟ. ಆಗ ಆ ಇಬ್ಬರೂ ಪರಸ್ಪರ ಯುದ್ಧದಲ್ಲಿದ್ದರು! ಅಂಥದ್ದೇ ಒಂದು ರಿವಾಲ್ವರ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಸ್ನೇಹದ ಕಾಣಿಕೆಯ ಕಥೆಯೇ ಬೇರೆ. ಫ್ರಾನ್ಸಿನ ಯುವಕ ಲಾಫಯೆತ್, ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ತನಗೆ ತಂದೆಯಂತಿದ್ದ ಜಾರ್ಜ್ ವಾಷಿಂಗ್ಟನ್‌ಗೆ ಒಂದು ಜೊತೆ ಪಿಸ್ತೂಲು ಕೊಟ್ಟ. ವಾಷಿಂಗ್ಟನ್ ತೀರಿಕೊಂಡ ಮೇಲೆ, 1824ರಲ್ಲಿ ಅವು ಆಂಡ್ರೂ ಜಾಕ್ಸನ್ ಕೈಗೆ ಬಂದವು. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾಕ್ಸನ್ ಉಯಿಲಿನಲ್ಲಿ ಅವನ್ನು ಯಾರಿಗೆ ಬರೆದಿಟ್ಟ ಗೊತ್ತೇ? ಲಾಫಯೆತನ ಮಗನಿಗೆ. ಆ ಮಗನ ಹೆಸರೂ ಜಾರ್ಜ್ ವಾಷಿಂಗ್ಟನ್! ಕೊಟ್ಟ ಮನೆಗೇ ಕಾಣಿಕೆ ಗೌರವದಿಂದ ಮರಳಿತು.

ಇನ್ನು ನೆಪೋಲಿಯನ್ನನ ಪಿಸ್ತೂಲುಗಳ ಕಥೆ. ಪ್ಯಾರಿಸ್ಸಿನ ಗೊಸ್ಸೆ ಎಂಬಾತ ಮಾಡಿದ ಜೋಡಿ ಅದು. ಚಿನ್ನ, ಬೆಳ್ಳಿಯ ಕೆಲಸದ ನಡುವೆ ಚಕ್ರವರ್ತಿಯದೇ ಚಿತ್ರವಿತ್ತು. 1814ರ ಏಪ್ರಿಲ್ ತಿಂಗಳು. ಪ್ಯಾರಿಸ್ ಶತ್ರುಗಳ ವಶವಾಗಿತ್ತು. ಪಟ್ಟ ಬಿಟ್ಟುಕೊಟ್ಟ ನೆಪೋಲಿಯನ್ ಫಾಂಟೆನ್‌ಬ್ಲೋ ಅರಮನೆಯಲ್ಲಿ ಒಂಟಿಯಾಗಿದ್ದ. ಬದುಕು ಸಾಕೆನಿಸಿ, ಅದೇ ಪಿಸ್ತೂಲುಗಳಿಂದ ಜೀವ ಕಳೆದುಕೊಳ್ಳಲು ಹೊರಟ. ಆದರೆ ಅವನ ಅಶ್ವಶಾಲೆಯ ಮುಖ್ಯಾಧಿಕಾರಿ ಕೊಲಾಂಕೂರ್ ಒಡೆಯನ ಮುಖ ನೋಡಿಯೇ ಮನಸ್ಸು ಅರಿತವನು. ಅವನು ಪಿಸ್ತೂಲಿನ ಮದ್ದನ್ನು ತೆಗೆದಿಟ್ಟಿದ್ದ. ನೆಪೋಲಿಯನ್ ವಿಷ ತೆಗೆದುಕೊಂಡ. ಅದೂ ವಾಂತಿಯಾಗಿ ಬದುಕಿಕೊಂಡ.

ಆಮೇಲೆ ಕೊಲಾಂಕೂರನನ್ನು ಗದರಿಸಲಿಲ್ಲ. ಆ ಪಿಸ್ತೂಲುಗಳನ್ನೇ ಕೃತಜ್ಞತೆಯಿಂದ ಅವನಿಗೆ ಕೊಟ್ಟುಬಿಟ್ಟ. ಅವು ಅವನ ವಂಶದವರ ಬಳಿ ಉಳಿದವು. 2024ರ ಜುಲೈನಲ್ಲಿ ಅದೇ ಫಾಂಟೆನ್‌ಬ್ಲೋ ಊರಿನಲ್ಲಿ ಹರಾಜಾದಾಗ ಸುಮಾರು 16 ಲಕ್ಷ 90 ಸಾವಿರ ಯೂರೊ ಬೆಲೆ ಬಂತು. ಅದಕ್ಕೂ ಮುನ್ನವೇ ಫ್ರಾನ್ಸ್ ಸರ್ಕಾರ ಅವನ್ನು ರಾಷ್ಟ್ರೀಯ ನಿಧಿ ಎಂದು ಸಾರಿ, ದೇಶದಾಚೆ ಹೋಗದಂತೆ ತಡೆದಿತ್ತು.

ಕೇಳುಗರೇ, ನಳಿಗೆಯ ಮೇಲಿನ ಚಿನ್ನ ಆ ರಾತ್ರಿ ಯಾರನ್ನೂ ಉಳಿಸುತ್ತಿರಲಿಲ್ಲ. ಎಷ್ಟು ಸಿಂಗರಿಸಿದರೂ ಆಯುಧ ಆಯುಧವೇ. ಉಳಿಸಿದ್ದು ಪಕ್ಕದಲ್ಲಿದ್ದ ಒಬ್ಬ ಮನುಷ್ಯನ ಎಚ್ಚರ. ಊರು ಬಿಟ್ಟು ಮಹಾನಗರಗಳಿಗೆ ಬಂದ ನಮ್ಮ ನಡುವೆಯೂ ಮನಸ್ಸು ಕುಗ್ಗಿದವರು ಇರುತ್ತಾರೆ. ಅಂಥವರ ಮಾತು ಸಣ್ಣದಾದಾಗ, ಫೋನು ನಿಂತುಹೋದಾಗ ಒಮ್ಮೆ ಅವರ ಮನೆಗೆ ಹೋಗಿ ಕುಳಿತು ಬನ್ನಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ಇದೆ ಎಂದು ತಿಳಿಸಿ. ಹೆಸರು ಕೆತ್ತಿಸದೆಯೂ ಕೊಡಬಹುದಾದ ಉಡುಗೊರೆ ಅದು.