ಹಲ್ಲಿನ ಪಾಚಿಗೆ ಬೆಳಕಿನ ಮದ್ದು

ಮೂವತ್ತು ವರ್ಷ ತರಗತಿಯಲ್ಲಿ ತ, ಥ, ದ, ಧ, ನಗಳು ದಂತ್ಯಾಕ್ಷರಗಳೆಂದು ಬೋಧಿಸಿದವನು ನಾನು. ನಿವೃತ್ತನಾದ ವರ್ಷವೇ ಮೇಲಿನ ಮುಂಬಲ್ಲುಗಳು ನಾಲ್ಕು ಬಿದ್ದುಹೋಗಿ, ‘ದಂತ’ ಎಂಬ ಪದವೇ ನನ್ನ ಬಾಯಲ್ಲಿ ಸ್ಪಷ್ಟವಾಗಿ ಹೊರಡದಾಯಿತು. “ಹಲ್ಲುಗಳೇನೋ ಗಟ್ಟಿಯಾಗಿದ್ದವು ಮೇಷ್ಟ್ರೇ, ಅವು ನಿಂತ ನೆಲ ಕುಸಿಯಿತು” ಎಂದರು ದಂತವೈದ್ಯರು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿದ್ದುದನ್ನು, ನೋವಿಲ್ಲವೆಂಬ ಒಂದೇ ಕಾರಣಕ್ಕೆ, ನಾನು ಹತ್ತು ವರ್ಷ ಅಲಕ್ಷಿಸಿದ್ದೆ.

ಒಸಡನ್ನು ಕೆಡಿಸುವ ಆ ಪಾಚಿ ಬರಿಯ ಊಟದ ಉಳಿಕೆಯಲ್ಲ. ಅದು ಜೀವಾಣುಗಳ ವಸತಿ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬೆಳ್ಳನೆಯ ಲೋಳೆಯನ್ನು ಮಸೂರದಡಿ ನೋಡಿ, ಅದರಲ್ಲಿ ಜೀವಿಗಳು ಚಲಿಸುವುದನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ತಾವೇ ಸ್ರವಿಸಿದ ಅಂಟಿನೊಳಗೆ ಅಡಗಿರುವ ಈ ಜೀವಾಣುಗಳಿಗೆ ಔಷಧ ಸುಲಭವಾಗಿ ತಾಗದು. ಆಂಟಿಬಯಾಟಿಕ್ಕುಗಳನ್ನು ಪದೇ ಪದೇ ಕೊಟ್ಟರೆ ಅವಕ್ಕೆ ಬಗ್ಗದ ತಳಿಗಳು ತಲೆಯೆತ್ತುತ್ತವೆ.

ಇಲ್ಲಿ ನೆರವಿಗೆ ಬಂದುದು ಬೆಳಕು. ಮ್ಯೂನಿಕ್ ನಗರದ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ 1900ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದ: ಅಕ್ರಿಡಿನ್ ಎಂಬ ಬಣ್ಣ ಬೆರೆತ ನೀರಿನಲ್ಲಿ ಪ್ಯಾರಮೀಸಿಯಂ ಜೀವಿಗಳು ಬೆಳಕಿದ್ದರೆ ಬೇಗ ಸಾಯುತ್ತಿದ್ದವು, ಕತ್ತಲೆಯಲ್ಲಿ ಬಹುಕಾಲ ಬದುಕುತ್ತಿದ್ದವು. 1990ರ ದಶಕದಲ್ಲಿ ಲಂಡನ್ನಿನ ಈಸ್ಟ್‌ಮನ್ ದಂತವೈದ್ಯ ಸಂಸ್ಥೆಯ ಮೈಕೇಲ್ ವಿಲ್ಸನ್ ಮತ್ತು ಸಂಗಡಿಗರು ಇದೇ ತತ್ತ್ವವನ್ನು ಬಾಯಿಯ ಜೀವಾಣುಗಳ ಮೇಲೆ ಪರೀಕ್ಷಿಸಿದರು.

ಉಳಿದ ಹಲ್ಲುಗಳಿಗಾಗಿ ನಾನೂ ಆ ಚಿಕಿತ್ಸೆಗೆ ಬಾಯ್ದೆರೆದೆ. ಮೊದಲು ಕಿಟ್ಟವನ್ನು ಕೆರೆದು ತೆಗೆದರು. ಬಳಿಕ ಒಸಡಿನ ಸಂದಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬಿಟ್ಟು, ತೆಳ್ಳನೆಯ ಕಡ್ಡಿಯೊಂದರ ತುದಿಯಿಂದ ಕೆಂಪು ಬೆಳಕು ಹಾಯಿಸಿದರು. ಬಣ್ಣವು ಬೆಳಕಿನ ಶಕ್ತಿಯನ್ನು ಹೀರಿ ನೆರೆಯ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆ ಆಮ್ಲಜನಕ ಜೀವಾಣುವಿನ ಹೊರಪೊರೆಯನ್ನೇ ಹಾಳುಗೆಡವುತ್ತದೆ. ಅದರ ಆಯುಷ್ಯ ಕ್ಷಣದ ಅತ್ಯಲ್ಪ ಅಂಶವಾದ್ದರಿಂದ, ಬಣ್ಣವೂ ಬೆಳಕೂ ಕೂಡಿದೆಡೆಯಲ್ಲಿ ಮಾತ್ರ ಅದರ ಕಾರ್ಯ. ಏಕಕಾಲಕ್ಕೆ ಹಲವು ಮರ್ಮಗಳಿಗೆ ಏಟು ಬೀಳುವುದರಿಂದ ಜೀವಾಣು ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟ.

ಆದರೆ ಇದು ಪವಾಡವಲ್ಲ. ಗಟ್ಟಿಗೊಂಡ ಕಿಟ್ಟವನ್ನು ಬೆಳಕು ಕರಗಿಸದು. ಕರಗಿದ ಎಲುಬನ್ನು ಮರಳಿ ಕೊಡದು. ಉಜ್ಜಿದ ಕೆಲವೇ ಗಂಟೆಗಳಲ್ಲಿ ಜೀವಾಣುಗಳು ಮತ್ತೆ ಬಂದು ನೆಲೆಸತೊಡಗುತ್ತವೆ. ಬೆಳಕು ನಮ್ಮ ಕೈಗೆ ಒದಗಿದ ನೆರವೇ ಹೊರತು ಕೈಗೆ ಬದಲಲ್ಲ.

ಈಗ ನಿಮಗೆ ಕೇಳಿಸುತ್ತಿರುವ ನನ್ನ ದಂತ್ಯಾಕ್ಷರಗಳು ಕಟ್ಟಿಸಿಕೊಂಡ ಹಲ್ಲುಗಳ ಕೃಪೆ. ನಿಮ್ಮವು ನಿಮ್ಮ ಹಲ್ಲುಗಳಿಂದಲೇ ಹೊರಡಲಿ. ನಾಳೆ ಬೆಳಿಗ್ಗೆ ಹಲ್ಲುಜ್ಜಿ ಉಗುಳುವಾಗ ಒಮ್ಮೆ ನೋಡಿಕೊಳ್ಳಿ. ಕೆಂಪು ಕಂಡರೆ, ನನ್ನಂತೆ ನೋವಿಗಾಗಿ ಕಾಯಬೇಡಿ.