ಅನ್ನದ ದಾರಿ, ಅಂತಸ್ತಿನ ಹುಟ್ಟು

ಮೇಲು-ಕೀಳುಗಳು ಮನುಷ್ಯನ ಜೊತೆಯಲ್ಲಿಯೇ ಹುಟ್ಟಿದುವೆಂದು ನಂಬುವವರು ನಮ್ಮಲ್ಲಿ ಬಹಳ ಮಂದಿ. ಐದು ಬೆರಳೂ ಸಮನಾಗಿವೆಯೇ ಎಂದು ಕೇಳಿ ಅವರು ಮಾತು ಮುಗಿಸುತ್ತಾರೆ. ಬೆರಳುಗಳ ಉದ್ದ ಬೇರೆಯೆಂಬುದು ನಿಜ. ಆದರೆ ತುತ್ತೆತ್ತುವಾಗ ಐದೂ ಕೂಡುತ್ತವೆ. ಆ ತುತ್ತು ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆದರೆ ಅಸಮಾನತೆಯ ಹುಟ್ಟಿನ ಕೆಲವು ಕುರುಹುಗಳು ಕಣ್ಣಿಗೆ ಬೀಳುತ್ತವೆ.

ಆಫ್ರಿಕದ ಟಾಂಜಾನಿಯಾದಲ್ಲಿ ಹಾಡ್ಜಾ ಎಂಬ ಜನರಿದ್ದಾರೆ. ಬೇಟೆ, ಗೆಡ್ಡೆ, ಜೇನು ಅವರ ಪರಂಪರೆಯ ಆಹಾರ. ಅವರನ್ನು ಅಭ್ಯಸಿಸಿದ ಜೇಮ್ಸ್ ವುಡ್‌ಬರ್ನ್, ದೊರೆತುದನ್ನು ಅಂದಂದೇ ಉಣ್ಣುವ ಇಂಥ ಸಮಾಜಗಳಲ್ಲಿ ಸಮಾನತೆ ಹೇಗೆ ನೆಲೆಗೊಳ್ಳುತ್ತದೆಂಬುದನ್ನು 1982ರ ಪ್ರಬಂಧವೊಂದರಲ್ಲಿ ವಿವರಿಸಿದರು. ದೊಡ್ಡ ಮಿಗವನ್ನು ಹೊಡೆದವನು ಮಾಂಸವನ್ನೆಲ್ಲ ತನಗೇ ಇಟ್ಟುಕೊಳ್ಳಲಾರ, ಹಂಚಲೇಬೇಕು. ಕೂಡಿಟ್ಟ ಕಣಜವೇ ಇಲ್ಲದಲ್ಲಿ ಅದರ ಒಡೆಯನೆಲ್ಲಿ, ಅವನ ಸಾಲಗಾರನೆಲ್ಲಿ?

ಹಾಗೆಂದು ಉಳದವರೆಲ್ಲ ಸಮಾನರಾಗಿದ್ದರೆನ್ನುವಂತಿಲ್ಲ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಜನರು ನೇಗಿಲನ್ನು ನಂಬಿ ಬಾಳಿದವರಲ್ಲ. ಕಡಲಿನಿಂದ ಹೊಳೆಗೆ ಏರಿಬರುವ ಸಾಲ್ಮನ್ ಮೀನನ್ನು ಹಿಡಿದು, ಒಣಗಿಸಿ, ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಅವರಲ್ಲಿ ಹುಟ್ಟಿನಿಂದಲೇ ಒಡೆಯರಾದವರಿದ್ದರು, ಗುಲಾಮರೂ ಇದ್ದರು. ಆದುದರಿಂದ ತಪ್ಪನ್ನು ನೇಗಿಲಿನ ಮೇಲೆಯೇ ಹೊರಿಸಲಾಗದು. ಕೂಡಿಟ್ಟದ್ದು ಯಾರದು, ಅದು ಯಾರ ಮಕ್ಕಳಿಗೆ ಸಲ್ಲುತ್ತದೆ ಎಂಬುದೇ ಮೂಲಪ್ರಶ್ನೆ.

ನಮ್ಮ ನಾಡಿನ ನೆಲವೂ ಈ ಕಥೆಯನ್ನು ಹೇಳುತ್ತದೆ. ಕೃಷ್ಣಾ-ತುಂಗಭದ್ರೆಗಳ ಸೀಮೆಯಲ್ಲಿ ಬೂದಿಯ ದಿಬ್ಬಗಳಿವೆ. ನವಶಿಲಾಯುಗದ ದನಗಾಹಿಗಳು ರಾಶಿಹಾಕಿ ಸುಟ್ಟ ಸಗಣಿಯ ಶೇಷವದು. ಇಂದು ತೆಲಂಗಾಣಕ್ಕೆ ಸೇರಿದ ಉತ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಅವರಿಗೆ ದನದ ಗೊರಸಿನ ಗುರುತುಗಳೂ ದೊರೆತವು. ಹುರುಳಿ, ಹೆಸರು, ಕಿರುಧಾನ್ಯಗಳನ್ನೂ ಆ ಕಾಲದ ಜನ ಬೆಳೆದರು. ಆದರೂ ಹಟ್ಟಿಯ ಸಂಪತ್ತೆಂದರೆ ದನವೇ. ಕನ್ನಡದ ‘ದನ’ವು ‘ಧನ’ದ ತದ್ಭವವೆಂಬುದು ಇಲ್ಲಿ ನೆನೆಯತಕ್ಕ ಮಾತು. ಈ ಧನಕ್ಕೆ ಕಾಲುಗಳಿವೆ. ಅದು ಕರು ಹಾಕಿ ಹೆಚ್ಚುತ್ತದೆ, ಮಗನಿಗೆ ಇಳಿಯುತ್ತದೆ, ಇರುಳಿನಲ್ಲಿ ಕಳ್ಳನೊಡನೆ ಹೊರಟೂಹೋಗುತ್ತದೆ. ಕನ್ನಡನಾಡಿನ ಎಷ್ಟೋ ವೀರಗಲ್ಲುಗಳು ತುರುಗೋಳಿನಲ್ಲಿ ಮಡಿದವರ ನೆನಪಿಗೆ ನಿಂತಿರುವುದು ಇದರಿಂದಲೇ. ಸಂಪತ್ತನ್ನು ಕಾಯುವವನಿಗೆ ಮನ್ನಣೆ ಬಂದಿತು. ಮನ್ನಣೆಯ ಹಿಂದೆ ಅಧಿಕಾರವೂ ಬಂದಿತು.

ಕೆರೆಯ ನೀರಿನಲ್ಲಿ ಭತ್ತ ಬೆಳೆದಾಗ ಚಿತ್ರ ಮತ್ತೆ ಬದಲಾಯಿತು. ಗದ್ದೆಗೆ ಕಾಲುಗಳಿಲ್ಲ, ಅದನ್ನು ಬಿಟ್ಟುಹೋಗಲು ರೈತನಿಗೂ ಮನಸ್ಸಿಲ್ಲ. ಅಂಥವನಿಂದ ತೆರಿಗೆ ಎತ್ತುವುದು ಸುಲಭ. ಅರಸರು ಬ್ರಹ್ಮದೇಯಗಳನ್ನೂ ಅಗ್ರಹಾರಗಳನ್ನೂ ದತ್ತಿ ಬಿಟ್ಟಾಗ ಶಾಸನವು ದಾನಿಯ, ಪ್ರತಿಗ್ರಾಹಿಯ ಹೆಸರುಗಳನ್ನು ಕೊರೆಯಿತು. ನಾಟಿ ಮಾಡಿದ ಹೆಂಗಸಿನ ಹೆಸರನ್ನು ಕೊರೆಯಲಿಲ್ಲ. ಆದರೆ ಕೆರೆಯು ಇನ್ನೊಂದು ಪಾಠವನ್ನೂ ಕಲಿಸಿತು. ಏರಿಯನ್ನು ಕಾಪಾಡಿಕೊಳ್ಳಲು ಬಿತ್ತುವಟ್ಟದಂಥ ಏರ್ಪಾಡುಗಳು ಬೆಳೆದುವು. ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸಿದನು. ಅದೇ ನೀರು ಮೇಲು-ಕೀಳನ್ನೂ ಬೆಳೆಸಿತು, ಹಂಚಿಕೆಯ ಕಟ್ಟಳೆಯನ್ನೂ ಬೆಳೆಸಿತು.

ಜಗತ್ತಿನ 21 ಸಣ್ಣ ಸಮುದಾಯಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಹೊಂದುವ ಮಾತನ್ನೇ ಹೇಳಿತು. ತಂದೆತಾಯಿಯರ ಸಂಪತ್ತು ಮಕ್ಕಳ ಪಾಲಿಗೆ ಬರುವುದು ದನಗಾಹಿಗಳಲ್ಲಿಯೂ ಬೇಸಾಯಗಾರರಲ್ಲಿಯೂ ಹೆಚ್ಚು; ಬೇಟೆಗಾರರಲ್ಲಿ ಕಡಿಮೆ. ಬೇಟೆಗಾರನ ಚಳಕವನ್ನು ಮಗ ಕಲಿಯಬೇಕು; ಹೊಲವನ್ನಾದರೋ ಸುಮ್ಮನೆ ಪಡೆಯಬಹುದು.

ಹೊಲವನ್ನು ಪಡೆಯದವನ ಮಗ ಪಡೆದದ್ದೇನು? ಎಷ್ಟೋ ಮನೆಗಳಲ್ಲಿ ತಂದೆಯ ಸಾಲ, ಅದರೊಡನೆ ಜೀತ. ನಮ್ಮ ರಾಜ್ಯದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರನಿಗೆ ಉಳುವ ನೆಲದ ಒಡೆತನದ ಬಾಗಿಲನ್ನು ತೆರೆಯಿತು. 1976ರ ಕೇಂದ್ರ ಕಾನೂನು ಜೀತವನ್ನು ರದ್ದುಮಾಡಿತು. ಗೇಣಿಯ ಹಕ್ಕೂ ಇಲ್ಲದ ಕೂಲಿಯವನಿಗೆ ಮೊದಲನೆಯ ಕಾನೂನಿನಿಂದ ಹೆಚ್ಚೇನೂ ದಕ್ಕಲಿಲ್ಲವೆಂಬುದನ್ನು ಮರೆಯಬಾರದು.

ಆದರೂ ಈ ಕಾನೂನುಗಳು ಒಂದನ್ನು ತೋರಿಸಿಕೊಟ್ಟವು. ಅನ್ನ ಗಳಿಸುವ ದಾರಿಯು ಅಸಮಾನತೆಗೆ ಎಡೆಮಾಡಿಕೊಡಬಹುದು. ಅದನ್ನು ಕಾಯಂ ಮಾಡುವುದು ನಾವು ಒಪ್ಪಿದ ಕಟ್ಟಳೆ. ಕಣದಲ್ಲಿ ರಾಶಿ ಬಿದ್ದ ಮೇಲೆ ಅದನ್ನು ಹೇಗೆ ಅಳೆದು ಹಂಚಬೇಕೆಂಬುದನ್ನು ಮಳೆಯೂ ಹೇಳುವುದಿಲ್ಲ, ಮಣ್ಣೂ ಹೇಳುವುದಿಲ್ಲ. ಕೊಳಗವನ್ನು ಹಿಡಿದಿರುವುದು ಮನುಷ್ಯನ ಕೈ.